ಅಂಕಲ್ ಟಾಮ್: ಹುತಾತ್ಮನ ಹೆಸರು ಬೈಗುಳವಾದ ಬಗೆ

ಪ್ರಶ್ನೆ: ಹೈಸ್ಕೂಲಿನಲ್ಲಿದ್ದಾಗ ‘ಅಂಕಲ್ ಟಾಮ್ಸ್ ಕ್ಯಾಬಿನ್’ ಕಾದಂಬರಿಯ ಸಂಕ್ಷಿಪ್ತ ರೂಪವನ್ನು ಓದಿ ಕಣ್ಣೀರು ಹಾಕಿದವಳು ನಾನು. ಟಾಮ್ ಎಂದರೆ ದೇವರಂಥ ಮನುಷ್ಯ ಎಂದೇ ನನ್ನ ಮನಸ್ಸಿನಲ್ಲಿ ಉಳಿದಿದೆ. ಅಮೆರಿಕದಲ್ಲಿ ಓದುತ್ತಿರುವ ಮಗಳ ಹತ್ತಿರ ಇದನ್ನು ಹೇಳಿದರೆ, ಅಲ್ಲಿ ಆ ಹೆಸರು ಕಪ್ಪು ಜನರನ್ನು ಹೀಯಾಳಿಸುವ ಬೈಗುಳ, ಯಾರೆದುರಿಗೂ ಬಳಸಬೇಡ ಎಂದಳು. ಒಳ್ಳೆಯವನ ಹೆಸರು ಬೈಗುಳವಾದದ್ದು ಹೇಗೆ? ಜನ ಕಾದಂಬರಿಯನ್ನು ಓದದೆ ತಪ್ಪು ತಿಳಿದಿದ್ದಾರೆಯೇ, ಇಲ್ಲವೇ ನಾನೇ ತಪ್ಪಾಗಿ ಓದಿಕೊಂಡೆನೇ?

ಉತ್ತರ: ನಿಮ್ಮ ಮಗಳು ಹೇಳಿದ್ದೂ ಸರಿ, ನಿಮ್ಮ ನೆನಪೂ ಸರಿ. ಕಾದಂಬರಿಯ ಟಾಮ್ ಮತ್ತು ಬೈಗುಳದ ಟಾಮ್ ಹೆಸರಿನಲ್ಲಿ ಒಂದೇ ಆದರೂ ನಡತೆಯಲ್ಲಿ ಪೂರ್ತಿ ವಿರುದ್ಧ. ಇಂದಿನ ಅಮೆರಿಕದಲ್ಲಿ ಕಪ್ಪು ಮನುಷ್ಯನೊಬ್ಬನನ್ನು ‘ಅಂಕಲ್ ಟಾಮ್’ ಎಂದರೆ, ಬಿಳಿಯರ ಬಾಲಬಡುಕ, ಅವರ ಮೆಚ್ಚುಗೆಗಾಗಿ ಬೆನ್ನು ಬಗ್ಗಿಸುವವನು, ತನ್ನ ಲಾಭಕ್ಕೆ ತನ್ನವರನ್ನೇ ಬಿಟ್ಟುಕೊಡುವವನು ಎಂದು ಅರ್ಥ. ಕಾದಂಬರಿಯ ಟಾಮ್ ಸಾಯುವುದು ತನ್ನವರಾದ ಇಬ್ಬರು ಹೆಂಗಸರನ್ನು ಬಿಟ್ಟುಕೊಡಲು ಒಪ್ಪದ ಕಾರಣಕ್ಕೆ. ಈ ತಿರುವುಮುರುವಿಗೆ ‘ಜನ ಓದಲಿಲ್ಲ’ ಎಂಬ ಒಂದೇ ಕಾರಣ ಸಾಲದು. ರಂಗಭೂಮಿಗೆ ಇದರಲ್ಲಿ ದೊಡ್ಡ ಪಾಲಿದೆ, ರಾಜಕೀಯಕ್ಕೂ ಇದೆ, ಸ್ವತಃ ಕಾದಂಬರಿಯ ಒಳಗಿನ ಕೆಲವು ದೋಷಗಳಿಗೂ ಇದೆ. ಹಾಗಾಗಿ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸುತ್ತೇನೆ.

ಹ್ಯಾರಿಯೆಟ್ ಬೀಚರ್ ಸ್ಟೋವ್ ಈ ಕಾದಂಬರಿಯನ್ನು ಬರೆಯಲು ಕುಳಿತದ್ದು 1850ರ ಪಲಾಯಿತ ಗುಲಾಮರ ಕಾಯಿದೆ ಜಾರಿಗೆ ಬಂದ ಮೇಲೆ. ದಕ್ಷಿಣದ ರಾಜ್ಯಗಳಿಂದ ತಪ್ಪಿಸಿಕೊಂಡು ಉತ್ತರಕ್ಕೆ ಬಂದವರನ್ನು ಹಿಡಿದು ಒಡೆಯರಿಗೆ ಒಪ್ಪಿಸಲು ಉತ್ತರದ ಜನರೂ ನೆರವಾಗಬೇಕು, ಅವರನ್ನು ಅಡಗಿಸಿಟ್ಟವರಿಗೆ ದಂಡ ಮತ್ತು ಸೆರೆವಾಸ ಎಂದು ಆ ಕಾಯಿದೆ ಹೇಳುತ್ತಿತ್ತು. ಸ್ಟೋವ್ ಧರ್ಮೋಪದೇಶಕರ ಮನೆತನದವರು. ಒಹಾಯೊ ನದಿಯ ದಡದ ಸಿನ್ಸಿನಾಟಿಯಲ್ಲಿ ಸುಮಾರು 18 ವರ್ಷ ಬಾಳಿದವರು. ನದಿಯ ಆಚೆ ದಡವೇ ಕೆಂಟಕಿ, ಅಂದರೆ ಗುಲಾಮಗಿರಿಯ ನೆಲ. 1849ರಲ್ಲಿ ಅವರ ಎಳೆಯ ಮಗ ಕಾಲರಾಕ್ಕೆ ಬಲಿಯಾಗಿದ್ದ. ಹರಾಜಿನಲ್ಲಿ ಕಂದನನ್ನು ಕಳೆದುಕೊಳ್ಳುವ ತಾಯಿಯ ಸಂಕಟವನ್ನು ಅವರು ಆ ದುಃಖದ ಮೂಲಕವೇ ಅರಿತರು. ವಾಷಿಂಗ್ಟನ್ನಿನ ‘ನ್ಯಾಷನಲ್ ಎರಾ’ ವಾರಪತ್ರಿಕೆಯಲ್ಲಿ 1851ರ ಜೂನ್‌ನಿಂದ 1852ರ ಏಪ್ರಿಲ್‌ವರೆಗೆ ಧಾರಾವಾಹಿಯಾಗಿ ಬಂದ ಈ ಕೃತಿ, ಧಾರಾವಾಹಿ ಮುಗಿಯುವ ಮೊದಲೇ 1852ರ ಮಾರ್ಚ್‌ನಲ್ಲಿ ಬಾಸ್ಟನ್ನಿನಲ್ಲಿ ಪುಸ್ತಕವಾಯಿತು. ಮೊದಲ ವರ್ಷ ಅಮೆರಿಕದಲ್ಲಿ ಸುಮಾರು 3,00,000 ಪ್ರತಿಗಳು ಮಾರಾಟವಾದವು. ಬ್ರಿಟನ್ನಿನಲ್ಲಿ ಅದಕ್ಕಿಂತಲೂ ಹೆಚ್ಚು.

ಈಗ ಟಾಮ್ ಏನು ಮಾಡುತ್ತಾನೆ ಎಂಬುದನ್ನು ಹತ್ತಿರದಿಂದ ನೋಡೋಣ. ಸಂಕ್ಷಿಪ್ತ ಆವೃತ್ತಿಗಳಲ್ಲಿ ಉಳಿಯುವುದು ಅವನ ಭಕ್ತಿ ಮತ್ತು ಸಹನೆ ಮಾತ್ರ. ಅವನು ‘ಇಲ್ಲ’ ಎಂದ ಸಂದರ್ಭಗಳು ಬಿಟ್ಟುಹೋಗುತ್ತವೆ. ಕಾದಂಬರಿಯಲ್ಲಿ ಅವನು ಮುದುಕನೂ ಅಲ್ಲ. ಅಗಲವಾದ ಎದೆಯ, ಗಟ್ಟಿಮುಟ್ಟಾದ ಮೈಕಟ್ಟಿನ, ಮನೆಯಲ್ಲಿ ಇನ್ನೂ ಅಂಬೆಗಾಲಿಡುವ ಮಗುವಿರುವ ಗೃಹಸ್ಥನಾಗಿ ಸ್ಟೋವ್ ಅವನನ್ನು ವರ್ಣಿಸಿದ್ದಾರೆ. ಕೆಂಟಕಿಯ ಒಡೆಯ ಶೆಲ್ಬಿ ಸಾಲದಲ್ಲಿ ಮುಳುಗಿ ಟಾಮ್‌ನನ್ನೂ ತನ್ನ ಮನೆಯ ಇನ್ನೊಬ್ಬ ಗುಲಾಮಳಾದ ಎಲೈಜಾಳ ಪುಟ್ಟ ಮಗನನ್ನೂ ವ್ಯಾಪಾರಿಗೆ ಮಾರುತ್ತಾನೆ. ರಾತ್ರೋರಾತ್ರಿ ಮಗುವನ್ನು ಎತ್ತಿಕೊಂಡು ಹೊರಟ ಎಲೈಜಾ ಟಾಮ್‌ನ ಗುಡಿಸಲಿನ ಬಾಗಿಲು ತಟ್ಟಿ ಸುದ್ದಿ ಹೇಳುತ್ತಾಳೆ. ಹೆಂಡತಿ ಕ್ಲೋಯಿ, ನೀವೂ ಹೊರಡಿ ಎಂದು ಒತ್ತಾಯಿಸುತ್ತಾಳೆ. ಎಲೈಜಾ ಹೋಗಲಿ, ಅದು ಅವಳ ಹಕ್ಕು ಎಂದು ಟಾಮ್ ಒಪ್ಪುತ್ತಾನೆ. ತಾನು ಮಾತ್ರ ಹೋಗುವುದಿಲ್ಲ ಎನ್ನುತ್ತಾನೆ. ತನ್ನೊಬ್ಬನನ್ನು ಮಾರದಿದ್ದರೆ ಆ ತೋಟದ ಎಲ್ಲರನ್ನೂ ಮಾರಬೇಕಾಗುತ್ತದೆ ಎಂಬುದು ಅವನ ಲೆಕ್ಕ. ಅದೇ ಉಸಿರಿನಲ್ಲಿ ಒಡೆಯನ ನಂಬಿಕೆಗೆ ತಾನು ಎಂದೂ ಎರಡು ಬಗೆದವನಲ್ಲ ಎಂದೂ ಹೇಳುತ್ತಾನೆ. ಮುಂದಿನ ಜಗಳವೆಲ್ಲ ಹುಟ್ಟುವುದು ಈ ಎರಡನೆಯ ಮಾತಿನಿಂದ, ಆದ್ದರಿಂದ ಅದನ್ನು ಮರೆಮಾಚುವುದು ಸರಿಯಲ್ಲ.

ಟಾಮ್‌ಗೆ ಬಿಡುಗಡೆಯ ಆಸೆಯೇ ಇರಲಿಲ್ಲ ಎಂಬುದು ಬೈಗುಳದ ಒಳಗೆ ಅಡಗಿರುವ ಇನ್ನೊಂದು ಆರೋಪ. ವ್ಯಾಪಾರಿಯಿಂದ ಟಾಮ್‌ನನ್ನು ಕೊಂಡ ನ್ಯೂ ಆರ್ಲಿಯನ್ಸ್‌ನ ಒಡೆಯ ಸೇಂಟ್ ಕ್ಲೇರ್ ಒಳ್ಳೆಯವನು. ಅವನ ಮನೆಯಲ್ಲಿ ಟಾಮ್‌ಗೆ ಊಟ ಬಟ್ಟೆಗೆ ಕೊರತೆಯಿಲ್ಲ. ನಿನ್ನನ್ನು ಬಿಡುಗಡೆ ಮಾಡುತ್ತೇನೆ ಎಂದು ಅವನು ಹೇಳಿದ ಗಳಿಗೆಯಲ್ಲಿ ಟಾಮ್‌ನ ಮುಖ ಅರಳಿದ್ದನ್ನು ಕಂಡು ಸೇಂಟ್ ಕ್ಲೇರ್‌ಗೆ ಒಳಗೊಳಗೇ ಬೇಸರವಾಗುತ್ತದೆ. ಇಲ್ಲಿ ನಿನಗೆ ಅಂಥ ಕಷ್ಟವೇನಿತ್ತು ಎಂದು ಕೇಳುತ್ತಾನೆ. ದುಡಿದು ಗಳಿಸಿದರೂ ಇಂಥ ಬಟ್ಟೆ, ಇಂಥ ಊಟ ನಿನಗೆ ದಕ್ಕುತ್ತಿರಲಿಲ್ಲ ಎಂದೂ ನೆನಪಿಸುತ್ತಾನೆ. ಬಟ್ಟೆ ಬಡವಾಗಿರಲಿ, ಮನೆ ಬಡವಾಗಿರಲಿ, ಎಲ್ಲವೂ ಬಡವಾಗಿರಲಿ, ಅವು ನನ್ನವಾಗಿರುವುದೇ ನನಗೆ ಮೇಲು. ಉತ್ತಮವಾದದ್ದೆಲ್ಲ ಇದ್ದು ಅವು ಇನ್ನೊಬ್ಬನವಾಗಿರುವುದು ಬೇಡ ಎಂದು ಟಾಮ್ ಉತ್ತರಿಸುತ್ತಾನೆ. ಸೇಂಟ್ ಕ್ಲೇರ್ ಕಾಗದಪತ್ರ ಮಾಡಿಸುವ ಮೊದಲೇ ಒಂದು ಜಗಳವನ್ನು ಬಿಡಿಸಲು ಹೋಗಿ ಇರಿತಕ್ಕೆ ಸಿಕ್ಕು ಸಾಯುತ್ತಾನೆ. ಅವನ ಹೆಂಡತಿ ಟಾಮ್‌ನನ್ನು ಹರಾಜಿಗೆ ಕಳುಹಿಸುತ್ತಾಳೆ.

ಕಾದಂಬರಿಯ ತಿರುಳು ಇರುವುದು ಇದರ ನಂತರ, ಲೂಸಿಯಾನಾದ ರೆಡ್ ನದಿಯ ಬದಿಯಲ್ಲಿರುವ ಸೈಮನ್ ಲೆಗ್ರೀಯ ಹತ್ತಿ ತೋಟದಲ್ಲಿ. ಲೆಗ್ರೀ 1,200 ಡಾಲರ್ ಕೊಟ್ಟು ಟಾಮ್‌ನನ್ನು ಕೊಂಡದ್ದು ಒಂದು ಉದ್ದೇಶ ಇಟ್ಟುಕೊಂಡೇ. ಇವನನ್ನು ಪಳಗಿಸಿ, ಮನಸ್ಸು ಕಲ್ಲು ಮಾಡಿಸಿ, ಉಳಿದ ಗುಲಾಮರ ಮೇಲೆ ಚಾಟಿ ಬೀಸುವ ಮೇಲಾಳನ್ನಾಗಿ ಮಾಡಬೇಕು ಎಂಬುದು ಅವನ ಯೋಜನೆ. ಆ ಕೆಲಸಕ್ಕೆ ಈಗಾಗಲೇ ಸ್ಯಾಂಬೊ, ಕ್ವಿಂಬೊ ಎಂಬ ಇಬ್ಬರು ಗುಲಾಮರು ಇದ್ದಾರೆ. ಒಡೆಯನ ಕೃಪೆಗಾಗಿ ಅವರು ತಮ್ಮವರನ್ನೇ ಹಿಂಸಿಸುತ್ತಾರೆ. ಒಂದು ಸಂಜೆ ಹತ್ತಿ ತೂಗುವ ಹೊತ್ತು. ನಿಶ್ಶಕ್ತಳಾದ ಒಬ್ಬ ಹೆಂಗಸಿನ ಚೀಲಕ್ಕೆ ಟಾಮ್ ಹಗಲಿಡೀ ತನ್ನ ಪಾಲಿನ ಹತ್ತಿಯನ್ನು ತುಂಬಿದ್ದಾನೆ. ಅವಳ ತೂಕ ಸರಿಯಾಗಿಯೇ ಇದೆ. ಆದರೂ ಲೆಗ್ರೀ ಕಡಿಮೆ ಬಂದಿದೆ ಎಂದು ಸುಳ್ಳು ಹೇಳಿ, ಇವಳಿಗೆ ಚಾಟಿಯಲ್ಲಿ ಹೊಡೆ ಎಂದು ಟಾಮ್‌ಗೆ ಅಪ್ಪಣೆ ಮಾಡುತ್ತಾನೆ. ಮೈಯಲ್ಲಿ ಉಸಿರಿರುವವರೆಗೆ ಹಗಲಿರುಳು ದುಡಿಯಲು ಸಿದ್ಧ, ಇದನ್ನು ಮಾತ್ರ ಎಂದಿಗೂ ಮಾಡಲಾರೆ ಎನ್ನುತ್ತಾನೆ ಟಾಮ್. ದುಡ್ಡು ಕೊಟ್ಟು ಕೊಂಡಿದ್ದೇನೆ, ನಿನ್ನ ಮೈಯೂ ಆತ್ಮವೂ ನನ್ನದಲ್ಲವೇ ಎಂದು ಲೆಗ್ರೀ ಬೂಟುಗಾಲಿನಲ್ಲಿ ಒದೆಯುತ್ತಾನೆ. ನನ್ನ ಆತ್ಮ ನಿಮ್ಮದಲ್ಲ, ಅದನ್ನು ನೀವು ಕೊಂಡಿಲ್ಲ, ಕೊಳ್ಳಲೂ ಆಗುವುದಿಲ್ಲ ಎಂಬ ಉತ್ತರ ಬರುತ್ತದೆ. ಆ ರಾತ್ರಿ ಸ್ಯಾಂಬೊ ಕ್ವಿಂಬೊ ಇಬ್ಬರೂ ಸೇರಿ ಟಾಮ್‌ನನ್ನು ಬಡಿದು ಹಣ್ಣು ಮಾಡುತ್ತಾರೆ.

ಇಂದು ಯಾವ ನಡತೆಯನ್ನು ಹಳಿಯಲು ಟಾಮ್‌ನ ಹೆಸರನ್ನು ಬಳಸುತ್ತಾರೋ, ಅದೇ ನಡತೆಯ ಹುದ್ದೆಯನ್ನು ಕಾದಂಬರಿಯಲ್ಲಿ ಅವನ ಮುಂದೆ ಇಡಲಾಗಿತ್ತು, ಅವನು ಅದನ್ನು ನಿರಾಕರಿಸಿದ, ನಿರಾಕರಿಸಿದ್ದಕ್ಕೆ ಪೆಟ್ಟು ತಿಂದ. ಮುಂದೆ ಲೆಗ್ರೀಯ ಗುಲಾಮಳಾದ ಕ್ಯಾಸಿ ಎಂಬ ಹೆಂಗಸು, ಲೆಗ್ರೀಗೆ ಮದ್ದು ಬೆರೆಸಿದ ಬ್ರಾಂದಿ ಕುಡಿಸಿದ್ದೇನೆ, ಕೊಡಲಿ ತಂದು ಮುಗಿಸಿಬಿಡು ಎಂದು ಬೇಡಿದಾಗ ಟಾಮ್ ಕೊಲೆಗೆ ಒಪ್ಪುವುದಿಲ್ಲ. ಆದರೆ ರಕ್ತ ಹರಿಸದೆ ಸಾಧ್ಯವಾದರೆ ನೀವೂ ಎಮ್ಮಲೀನಳೂ (ಲೆಗ್ರೀ ಕೊಂಡುತಂದ ಇನ್ನೊಬ್ಬ ಹುಡುಗಿ) ಓಡಿಹೋಗಿ ಎಂದು ಅವನೇ ಸಲಹೆ ಕೊಡುತ್ತಾನೆ. ಅವರಿಬ್ಬರೂ ಮಾಯವಾದಾಗ ಲೆಗ್ರೀ ಟಾಮ್‌ನನ್ನು ಹಿಡಿದು ಪ್ರಶ್ನಿಸುತ್ತಾನೆ. ಗೊತ್ತಿಲ್ಲ ಎಂದು ಸುಳ್ಳು ಹೇಳಿಯೂ ಅವನು ಬಚಾವಾಗಲು ನೋಡುವುದಿಲ್ಲ. ಗೊತ್ತಿದೆ, ಆದರೆ ಹೇಳಲಾರೆ, ಸಾಯಬಲ್ಲೆ ಎನ್ನುತ್ತಾನೆ. ಸತ್ತೇ ಹೋಗುತ್ತಾನೆ. ಹೆಂಗಸರು ಪಾರಾಗುತ್ತಾರೆ.

ಹಾಗಿದ್ದರೆ ತಪ್ಪೆಲ್ಲ ಓದದವರದ್ದೇ ಎಂದು ನೀವು ಕೇಳಬಹುದು. ಅಷ್ಟು ಸುಲಭವಾಗಿ ತೀರ್ಪು ಕೊಡಲು ನನಗೆ ಮನಸ್ಸಿಲ್ಲ. ಕಾದಂಬರಿಯನ್ನು ಸಾಲು ಬಿಡದೆ ಓದಿದ ಅದೇ ಕಾಲದ ಜನರೇ ತಕರಾರು ಎತ್ತಿದ್ದರು. ಗುಲಾಮಗಿರಿ ವಿರೋಧಿ ಚಳವಳಿಯ ಮುಂದಾಳು ವಿಲಿಯಂ ಲಾಯ್ಡ್ ಗ್ಯಾರಿಸನ್ 1852ರಲ್ಲಿ ತಮ್ಮ ‘ಲಿಬರೇಟರ್’ ಪತ್ರಿಕೆಯಲ್ಲಿ ಪುಸ್ತಕವನ್ನು ಮನಸಾರೆ ಹೊಗಳಿ, ಅದರ ಜೊತೆಗೇ ಒಂದು ಪ್ರಶ್ನೆಯನ್ನೂ ಇಟ್ಟರು: ಕಪ್ಪು ಮನುಷ್ಯನಿಗೆ ಸಹನೆಯ ಧರ್ಮ, ಬಿಳಿಯನಿಗೆ ಬಂಡಾಯದ ಧರ್ಮ ಎಂದು ಎರಡು ನಿಯಮಗಳಿವೆಯೇ? ಇದು ಇಡೀ ಚರ್ಚೆಯಲ್ಲೇ ಅತ್ಯಂತ ಹರಿತವಾದ ಪ್ರಶ್ನೆ ಎಂದು ನನ್ನ ಅಭಿಪ್ರಾಯ. ಬ್ರಿಟಿಷರ ವಿರುದ್ಧ ಕೋವಿ ಹಿಡಿದ ತಮ್ಮ ಪೂರ್ವಿಕರನ್ನು ವೀರರೆಂದು ಪೂಜಿಸುವ ದೇಶದಲ್ಲಿ, ಗುಲಾಮನು ಕ್ಷಮಿಸುತ್ತ ಸತ್ತರೆ ಮಾತ್ರ ಅವನಿಗಾಗಿ ಅಳುವುದು ಎಷ್ಟು ಸರಿ? ಕಪ್ಪು ವಿದ್ವಾಂಸ ವಿಲಿಯಂ ಜಿ. ಆ್ಯಲೆನ್ ಕೂಡ ಅದೇ ವರ್ಷ, ಟಾಮ್‌ನ ಭಕ್ತಿ ಅಗತ್ಯಕ್ಕಿಂತ ಹೆಚ್ಚಾಯಿತು ಎಂದು ಬರೆದರು. ಕಪ್ಪು ಮುಖಂಡ ಮಾರ್ಟಿನ್ ಡೆಲಾನಿ 1853ರಲ್ಲಿ, ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಚಳವಳಿಯ ನಾಯಕರಾಗಿದ್ದ ಫ್ರೆಡರಿಕ್ ಡಗ್ಲಸ್‌ಗೆ ಬರೆದ ಪತ್ರದಲ್ಲಿ, ಸ್ಟೋವ್ ಅವರಿಗೆ ನಮ್ಮ ವಿಷಯ ಏನೂ ಗೊತ್ತಿಲ್ಲ ಎಂದು ಖಂಡಿತವಾಗಿ ಹೇಳಿದರು. ಡಗ್ಲಸ್ ಮಾತ್ರ ಪುಸ್ತಕದ ಪ್ರಭಾವವನ್ನು ಮೆಚ್ಚಿ ಸ್ಟೋವ್ ಅವರ ಬೆನ್ನಿಗೆ ನಿಂತರು. ಅಂದರೆ ಈ ವಾದ ಕಪ್ಪು ಅಮೆರಿಕನ್ನರ ನಡುವೆ ಪುಸ್ತಕದಷ್ಟೇ ಹಳೆಯದು.

ಕಾದಂಬರಿಯ ನಿರೂಪಣೆಯಲ್ಲೂ ದೋಷವಿದೆ. ಆಫ್ರಿಕನ್ ಜನಾಂಗ ಹುಟ್ಟಿನಿಂದಲೇ ಸೌಮ್ಯ, ಮಗುವಿನಂಥ ಮನಸ್ಸಿನದು, ವಿಧೇಯತೆ ಅದರ ಸಹಜ ಗುಣ ಎಂಬ ಅಂದಿನ ನಂಬಿಕೆಯನ್ನು ಸ್ಟೋವ್ ಮತ್ತೆ ಮತ್ತೆ ಬರೆಯುತ್ತಾರೆ. ಹೊಗಳಿಕೆಯ ಧಾಟಿಯಲ್ಲೇ ಬರೆದಿದ್ದರೂ ಅದು ಒಂದು ಜನಾಂಗಕ್ಕೆ ಹಚ್ಚಿದ ಹಣೆಪಟ್ಟಿ. ತಿರುಗಿಬೀಳುವ, ಪಿಸ್ತೂಲು ಹಿಡಿಯುವ ಪಾತ್ರವಾದ, ಎಲೈಜಾಳ ಗಂಡ ಜಾರ್ಜ್ ಹ್ಯಾರಿಸ್ ಬಿಳಿಯ ತಂದೆಗೆ ಹುಟ್ಟಿದವನು, ತಿಳಿಬಣ್ಣದವನು. ಅಚ್ಚ ಕಪ್ಪು ಬಣ್ಣದ ಟಾಮ್ ತಾಳಿಕೊಳ್ಳುವವನು. ಬಿಡುಗಡೆ ಪಡೆದ ಮೇಲೂ ಹ್ಯಾರಿಸ್ ಕುಟುಂಬಕ್ಕೆ ಅಮೆರಿಕದಲ್ಲಿ ಜಾಗವಿಲ್ಲ, ಲೈಬೀರಿಯಾಕ್ಕೆ ಕಳುಹಿಸಿಬಿಡುತ್ತಾರೆ. 1856ರಲ್ಲಿ ಸ್ಟೋವ್ ಬರೆದ ಮುಂದಿನ ಕಾದಂಬರಿ ‘ಡ್ರೆಡ್’ನಲ್ಲಿ ಜೌಗು ಕಾಡಿನಲ್ಲಿ ಅಡಗಿ ಬಂಡಾಯಕ್ಕೆ ಸಿದ್ಧನಾಗುವ ಕಪ್ಪು ನಾಯಕನಿದ್ದಾನೆ. ಮೊದಲ ಪುಸ್ತಕದ ಟೀಕೆಗಳು ಅವರಿಗೆ ತಟ್ಟಿದ್ದವು ಎಂದು ನಾನು ಓದಿಕೊಳ್ಳುತ್ತೇನೆ. ಆದರೆ ಆ ಪುಸ್ತಕ ಮೊದಲನೆಯದರ ಹೆಸರನ್ನು ಮೀರಲಿಲ್ಲ.

ಇಷ್ಟಾದರೂ, ಟಾಮ್‌ನ ಹೆಸರು ಕೆಟ್ಟದ್ದು ಮುಖ್ಯವಾಗಿ ನಾಟಕಶಾಲೆಗಳಲ್ಲಿ. ಅಂದಿನ ಅಮೆರಿಕದ ಕಾನೂನಿನಲ್ಲಿ ಕಾದಂಬರಿಯನ್ನು ನಾಟಕ ಮಾಡಲು ಲೇಖಕರ ಒಪ್ಪಿಗೆ ಬೇಕಾಗಿರಲಿಲ್ಲ, ಅವರಿಗೆ ಕಾಸೂ ಕೊಡಬೇಕಾಗಿರಲಿಲ್ಲ. ಪುಸ್ತಕ ಬಂದ ವರ್ಷವೇ ಯಾರು ಯಾರೋ ಅದನ್ನು ರಂಗಕ್ಕೆ ತಂದರು. 1852ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಟ್ರಾಯ್ ಪಟ್ಟಣದಲ್ಲಿ ಆಡಿದ ಜಾರ್ಜ್ ಐಕೆನ್ ಅವರ ರೂಪಾಂತರ ಮೂಲಕ್ಕೆ ಬಹಳ ಮಟ್ಟಿಗೆ ನಿಷ್ಠವಾಗಿತ್ತು. ಅದರಲ್ಲಿ ಟಾಮ್ ಸಾಯುತ್ತಾನೆ, ಕೊನೆಯ ದೃಶ್ಯದಲ್ಲಿ ಸೇಂಟ್ ಕ್ಲೇರ್‌ನ ಮಗಳು ಪುಟ್ಟ ಈವಾ ಬಿಳಿ ಪಾರಿವಾಳದ ಮೇಲೆ ಕುಳಿತು ಹರಸುತ್ತಾಳೆ. ಆದರೆ ನ್ಯೂಯಾರ್ಕ್ ನಗರದಲ್ಲಿ ಮನರಂಜನೆಯ ವ್ಯಾಪಾರಿ ಪಿ. ಟಿ. ಬಾರ್ನಮ್ ತಮ್ಮ ಮ್ಯೂಸಿಯಂನಲ್ಲಿ 1853ರಲ್ಲಿ ಆಡಿಸಿದ ರೂಪಾಂತರದಲ್ಲಿ ಟಾಮ್ ಸಾಯುವುದೇ ಇಲ್ಲ. ಒಡೆಯನ ಮಗ ಬಂದು ಅವನನ್ನು ಬಿಡಿಸಿಕೊಂಡು ಹೋಗುತ್ತಾನೆ. ಟಾಮ್‌ನ ಸಾವನ್ನು ತೆಗೆದುಬಿಟ್ಟರೆ ಅವನಲ್ಲಿ ಉಳಿಯುವುದು ವಿಧೇಯತೆ ಒಂದೇ ಎಂಬುದನ್ನು ಗಮನಿಸಿ. ಲೆಗ್ರೀಗೆ ಕೊಟ್ಟ ಉತ್ತರಕ್ಕೆ ತೂಕ ಬರುವುದು ಅದರ ಬೆಲೆಯನ್ನು ಅವನು ತೆತ್ತ ಕಾರಣಕ್ಕೆ.

ಟಾಮ್‌ನ ವೇಷ ಹಾಕುತ್ತಿದ್ದವರು ಮುಖಕ್ಕೆ ಮಸಿ ಬಳಿದುಕೊಂಡ ಬಿಳಿಯ ನಟರು. ಆ ಹೊತ್ತಿಗಾಗಲೇ ಕಪ್ಪು ಜನರನ್ನು ಪೆದ್ದರಂತೆ, ಹಾಡಿ ಕುಣಿಯುವ ಸೋಮಾರಿಗಳಂತೆ ತೋರಿಸಿ ನಗಿಸುವ ಮಿನ್‌ಸ್ಟ್ರೆಲ್ ಆಟಗಳು ಊರೂರಿನಲ್ಲಿ ಹಣ ಮಾಡುತ್ತಿದ್ದವು. ಆ ನಟರು, ಆ ಹಾಡು, ಆ ಕುಣಿತ ಎಲ್ಲವೂ ಈ ನಾಟಕಕ್ಕೆ ನುಗ್ಗಿದವು. ‘ಜಿಮ್ ಕ್ರೋ’ ಎಂಬ ಕುಣಿತದ ವೇಷದಿಂದ ಹೆಸರಾದ ಟಿ. ಡಿ. ರೈಸ್ 1854ರಲ್ಲಿ ಸ್ವತಃ ಟಾಮ್‌ನ ಪಾತ್ರ ಮಾಡಿದರು. ಅವರ ಹಳೆಯ ವೇಷದ ಹೆಸರೇ ಮುಂದೆ ದಕ್ಷಿಣದ ಪ್ರತ್ಯೇಕತೆಯ ಕಾನೂನುಗಳಿಗೆಲ್ಲ ಅಂಟಿಕೊಂಡಿತು. ಅಂತರ್ಯುದ್ಧ ಮುಗಿದ ಮೇಲೆ ‘ಟಾಮ್ ಷೋ’ ಎಂದೇ ಕರೆಸಿಕೊಂಡ ಈ ಆಟಗಳು ಡೇರೆ ಹೊತ್ತು ಸಣ್ಣಪುಟ್ಟ ಊರುಗಳಿಗೂ ಹೋದವು. ಜಾಹೀರಾತಿನಲ್ಲಿ ಬೇಟೆನಾಯಿಗಳ ಹಿಂಡು ಕಾಣಿಸಿಕೊಂಡಿತು. ಎಲೈಜಾ ಹೆಪ್ಪುಗಟ್ಟಿದ ನದಿಯ ಮಂಜುಗಡ್ಡೆಗಳ ಮೇಲೆ ಹಾರುವಾಗ ನಾಯಿಗಳು ಬೆನ್ನಟ್ಟುವ ದೃಶ್ಯ ಕಾದಂಬರಿಯಲ್ಲಿ ಇಲ್ಲವೇ ಇಲ್ಲ. ಕೆಲವು ತಂಡಗಳು ಒಂದೇ ರಂಗದ ಮೇಲೆ ಇಬ್ಬಿಬ್ಬರು ಟಾಮ್‌ಗಳನ್ನು ನಿಲ್ಲಿಸಿದವು. ಈ ದಾರಿಯಲ್ಲಿ ಟಾಮ್‌ಗೆ ವಯಸ್ಸಾಯಿತು. ತಲೆಗೂದಲು ನರೆಯಿತು, ಬೆನ್ನು ಬಾಗಿತು, ಕೈಗೆ ಊರುಗೋಲು ಬಂತು. ಹೆಂಗಸರನ್ನು ಪಾರುಮಾಡಿದ ಗಟ್ಟಿ ಆಳು ಹೋಗಿ, ಈವಾ ಪುಟ್ಟಿಯ ಪಕ್ಕದಲ್ಲಿ ಕೈಕಟ್ಟಿ ಕುಳಿತ ನಿರುಪದ್ರವಿ ಅಜ್ಜ ಬಂದ. ಪುಸ್ತಕ ಓದಿದವರಿಗಿಂತ ಆಟ ನೋಡಿದವರ ಸಂಖ್ಯೆ ಎಷ್ಟೋ ಪಾಲು ಹೆಚ್ಚು. ಕಪ್ಪು ನಟ ಸ್ಯಾಮ್ ಲ್ಯೂಕಸ್ 1878ರಲ್ಲಿ ಟಾಮ್ ಪಾತ್ರ ವಹಿಸಿದರು, 1914ರ ಮೂಕಿ ಚಿತ್ರದಲ್ಲೂ ಅವರೇ ಟಾಮ್. ಆದರೆ ಆ ವೇಳೆಗೆ ಅಜ್ಜನ ಚಿತ್ರ ಜನರ ಮನಸ್ಸಿನಲ್ಲಿ ಅಚ್ಚೊತ್ತಿಯಾಗಿತ್ತು.

ಇಲ್ಲಿ ‘ಅಂಕಲ್’ ಎಂಬ ಸಂಬೋಧನೆಯ ಬಗ್ಗೆ ಒಂದು ಮಾತು ಅಗತ್ಯ, ಏಕೆಂದರೆ ಕನ್ನಡಿಗರಿಗೆ ಅದು ಮರ್ಯಾದೆಯ ಕರೆಯಾಗಿ ಕೇಳಿಸುತ್ತದೆ. ದಕ್ಷಿಣದ ರಾಜ್ಯಗಳಲ್ಲಿ ಬಿಳಿಯರು ಕಪ್ಪು ಗಂಡಸಿಗೆ ‘ಮಿಸ್ಟರ್’ ಎಂಬ ಗೌರವವನ್ನು ಬಾಯಿತಪ್ಪಿಯೂ ಕೊಡುತ್ತಿರಲಿಲ್ಲ. ಪ್ರಾಯದಲ್ಲಿರುವವರೆಗೆ ‘ಬಾಯ್’, ವಯಸ್ಸಾದ ಮೇಲೆ ‘ಅಂಕಲ್’, ಹೆಂಗಸಾದರೆ ‘ಆಂಟ್’. 2020ರ ನಂತರ ‘ಅಂಕಲ್ ಬೆನ್ಸ್’ ಅಕ್ಕಿಯೂ ‘ಆಂಟ್ ಜೆಮೈಮಾ’ ದೋಸೆಹಿಟ್ಟೂ ಹೆಸರು ಬದಲಿಸಿಕೊಂಡದ್ದು ಈ ಹಿನ್ನೆಲೆಯಿಂದಲೇ.

ದಕ್ಷಿಣದ ಬಿಳಿಯರಿಗೆ ಸ್ಟೋವ್ ಪುಸ್ತಕದ ಮೇಲೆ ಕಡುಕೋಪವಿತ್ತು. ಕೆಂಟಕಿ ರಾಜ್ಯ 1906ರಲ್ಲಿ ಈ ನಾಟಕವನ್ನೇ ಮನಸ್ಸಿನಲ್ಲಿಟ್ಟು, ಜನಾಂಗಗಳ ನಡುವೆ ದ್ವೇಷ ಹುಟ್ಟಿಸುವ ಆಟಗಳನ್ನು ನಿಷೇಧಿಸುವ ಕಾನೂನು ಮಾಡಿತು. ಪುಸ್ತಕವನ್ನು ದ್ವೇಷಿಸಿದ ಆ ಜನರೇ ರಂಗದ ಮುದಿ ಅಂಕಲ್‌ನನ್ನು ಮಾತ್ರ ಎದೆಗೆ ಅಪ್ಪಿಕೊಂಡರು. ಗುಲಾಮಗಿರಿಯ ಕಾಲ ಎಷ್ಟು ಚೆನ್ನಾಗಿತ್ತು, ಆಗಿನ ಕಪ್ಪು ಜನ ಎಷ್ಟು ನಿಯತ್ತಿನವರು ಎಂದು ಹಲುಬುವವರಿಗೆ ಅವನು ಆದರ್ಶವಾದ. ಲೂಸಿಯಾನಾದ ನ್ಯಾಕಿಟಿಷ್ ಪಟ್ಟಣದಲ್ಲಿ 1927ರಲ್ಲಿ ಒಂದು ಕಂಚಿನ ಪ್ರತಿಮೆಯನ್ನು ನಿಲ್ಲಿಸಿದರು. ಟೋಪಿ ಎತ್ತಿ ಹಿಡಿದು ತಲೆ ಬಾಗಿಸಿದ ಕಪ್ಪು ವೃದ್ಧನ ಪ್ರತಿಮೆ ಅದು. ಕೆಳಗಿನ ಬರಹದಲ್ಲಿ ಒಳ್ಳೆಯ ಕಪ್ಪು ಆಳುಗಳ ನಿಷ್ಠಾವಂತ ಸೇವೆಗೆ ಕೃತಜ್ಞತೆ ಸಲ್ಲಿಸಲಾಗಿತ್ತು. 1968ರಲ್ಲಿ ಅದನ್ನು ಅಲ್ಲಿಂದ ತೆಗೆಯಬೇಕಾಯಿತು. ಮತದಾನದ ಹಕ್ಕನ್ನು ಕಿತ್ತುಕೊಂಡ, ಮರಕ್ಕೆ ನೇಣು ಹಾಕಿ ಕೊಲ್ಲುತ್ತಿದ್ದ ಸಮಾಜ ಇಂಥ ಪ್ರತಿಮೆಯನ್ನು ತೋರಿಸಿ ಹೀಗಿರು ಎಂದು ಹೇಳಿದಾಗ, ಹಾಗಿರಲಾರೆ ಎಂದು ಸಿಡಿದವರನ್ನು ನಾನು ತಪ್ಪು ಓದುಗರು ಎಂದು ಹೇಗೆ ಕರೆಯಲಿ?

ಸಿಡಿದದ್ದು ಮೊದಲ ಮಹಾಯುದ್ಧದ ಆಸುಪಾಸಿನಲ್ಲಿ. ಲಕ್ಷಾಂತರ ಕಪ್ಪು ಕುಟುಂಬಗಳು ದಕ್ಷಿಣವನ್ನು ಬಿಟ್ಟು ಷಿಕಾಗೋ, ನ್ಯೂಯಾರ್ಕ್, ಡೆಟ್ರಾಯಿಟ್ ಸೇರಿದವು. ಫ್ರಾನ್ಸಿನಲ್ಲಿ ಕಾದಾಡಿ ಮರಳಿದ ಕಪ್ಪು ಸೈನಿಕರನ್ನು ಸ್ವಾಗತಿಸಿದ್ದು 1919ರ ಜನಾಂಗೀಯ ಗಲಭೆಗಳು. ಈ ಹೊಸ ಪೀಳಿಗೆಗೆ ಹಳೆಯ ಅಂಜಿಕೆಯ ನಾಯಕತ್ವವನ್ನು ಹೆಸರಿಟ್ಟು ತಳ್ಳಿಹಾಕುವುದು ಬೇಕಾಗಿತ್ತು, ಹೆಸರು ಸಿದ್ಧವಾಗಿಯೇ ಇತ್ತು. 1920ರ ಆಗಸ್ಟ್‌ನಲ್ಲಿ ಕಪ್ಪು ರಾಷ್ಟ್ರವಾದಿ ನಾಯಕ ಮಾರ್ಕಸ್ ಗಾರ್ವಿಯವರ ಸಂಘಟನೆ ನ್ಯೂಯಾರ್ಕಿನಲ್ಲಿ ನಡೆಸಿದ ಮಹಾಧಿವೇಶನದಲ್ಲಿ ಪಾದ್ರಿ ಜಾರ್ಜ್ ಅಲೆಕ್ಸಾಂಡರ್ ಮೆಕ್‌ಗ್ವಾಯರ್, ಅಂಕಲ್ ಟಾಮ್ ಮಾದರಿಯವರು ತೊಲಗಬೇಕು, ಅವರ ಜಾಗಕ್ಕೆ ಹೊಸ ನಾಯಕರು ಬರಬೇಕು ಎಂದು ಸಾರಿದರು. 1925ರಲ್ಲಿ ಕಪ್ಪು ಚಿಂತಕ ಅಲೆನ್ ಲಾಕ್, ಅಂಕಲ್ ಟಾಮ್‌ನೂ ಸ್ಯಾಂಬೊನೂ ಗತಿಸಿದರು ಎಂದು ಬರೆದರು. ಸ್ಟೋವ್ ಪುಸ್ತಕದಲ್ಲಿ ಪೆಟ್ಟು ತಿಂದವನೂ ಬಡಿದವನೂ ಆಗಿದ್ದ ಇಬ್ಬರು ಇಲ್ಲಿ ಒಂದೇ ಸಾಲಿನಲ್ಲಿ ನಿಂತಿದ್ದಾರೆ, ಅಷ್ಟರ ಮಟ್ಟಿಗೆ ಮೂಲ ಕಥೆ ಹಿಂದೆ ಸರಿದಿತ್ತು. ಕಪ್ಪು ಲೇಖಕ ರಿಚರ್ಡ್ ರೈಟ್ 1938ರ ತಮ್ಮ ಕಥಾಸಂಕಲನಕ್ಕೆ ‘ಅಂಕಲ್ ಟಾಮ್ಸ್ ಚಿಲ್ಡ್ರನ್’ ಎಂದು ಹೆಸರಿಟ್ಟರು. 1949ರಲ್ಲಿ ಇನ್ನೊಬ್ಬ ಕಪ್ಪು ಲೇಖಕ ಜೇಮ್ಸ್ ಬಾಲ್ಡ್‌ವಿನ್ ನೇರವಾಗಿ ಕಾದಂಬರಿಯನ್ನೇ ಎತ್ತಿಕೊಂಡು, ಟಾಮ್‌ನನ್ನು ಸಂತನನ್ನಾಗಿ ಮಾಡುವ ಭರದಲ್ಲಿ ಸ್ಟೋವ್ ಅವನ ಮನುಷ್ಯತ್ವವನ್ನೇ ಕಸಿದುಕೊಂಡರು ಎಂದು ವಾದಿಸಿದರು. ಬಾಲ್ಡ್‌ವಿನ್ ಓದದೆ ಮಾತಾಡಿದವರಲ್ಲ; ಎಳೆಯ ವಯಸ್ಸಿನಲ್ಲಿ ಆ ಪುಸ್ತಕವನ್ನು ಮತ್ತೆ ಮತ್ತೆ ಓದಿದವರು.

ನಾಗರಿಕ ಹಕ್ಕುಗಳ ಹೋರಾಟದ ದಶಕಗಳಲ್ಲಿ ಈ ಬೈಗುಳ ಕಪ್ಪು ಸಮುದಾಯದ ಒಳಗಿನ ಜಗಳಗಳ ಆಯುಧವಾಯಿತು. ಉಗ್ರ ಹೋರಾಟದ ಪರವಾಗಿದ್ದ ಕಪ್ಪು ನಾಯಕ ಮಾಲ್ಕಂ ಎಕ್ಸ್ 1963ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರನ್ನೇ ಇಪ್ಪತ್ತನೆಯ ಶತಮಾನದ ಅಂಕಲ್ ಟಾಮ್ ಎಂದರು. ಸಂಗೀತಗಾರ ಲೂಯಿ ಆರ್ಮ್‌ಸ್ಟ್ರಾಂಗ್ ವೇದಿಕೆಯ ಮೇಲಿನ ತಮ್ಮ ಅಗಲ ನಗೆಗಾಗಿ ಅದೇ ಮಾತನ್ನು ಕೇಳಿಸಿಕೊಂಡರು. 1957ರಲ್ಲಿ ಲಿಟಲ್ ರಾಕ್ ಪಟ್ಟಣದ ಶಾಲೆಗೆ ಕಪ್ಪು ಮಕ್ಕಳನ್ನು ಸೇರಿಸಲು ಅಡ್ಡಿ ಬಂದಾಗ, ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ ಧೈರ್ಯ ಸಾಲದು ಎಂದು ಪತ್ರಕರ್ತನೊಬ್ಬನ ಎದುರು ಬಹಿರಂಗವಾಗಿ ಹೇಳಿ, ಸರ್ಕಾರ ಏರ್ಪಡಿಸಿದ್ದ ಸೋವಿಯತ್ ಪ್ರವಾಸವನ್ನು ಬಿಟ್ಟುಕೊಟ್ಟವರು ಇದೇ ಆರ್ಮ್‌ಸ್ಟ್ರಾಂಗ್.

ಬಾಕ್ಸರ್ ಜೋ ಫ್ರೇಜಿಯರ್ ಅವರ ಪ್ರಸಂಗ ಇನ್ನೂ ನೋವಿನದು. ಸೌತ್ ಕೆರೊಲಿನಾದ ಬಡ ಕೃಷಿ ಕುಟುಂಬದಲ್ಲಿ ಹುಟ್ಟಿ ಬೆಳೆದವರು ಫ್ರೇಜಿಯರ್. ವಿಯೆಟ್ನಾಂ ಯುದ್ಧಕ್ಕೆ ಹೋಗಲು ಒಪ್ಪದ ಮುಹಮ್ಮದ್ ಅಲಿಯವರ ಲೈಸೆನ್ಸು ರದ್ದಾಗಿದ್ದಾಗ, ಅದನ್ನು ಹಿಂದಿರುಗಿಸಬೇಕೆಂದು ಅವರ ಪರವಾಗಿ ಮಾತಾಡಿದ್ದರು, ಕೈಸಾಲವನ್ನೂ ಕೊಟ್ಟಿದ್ದರು. 1971ರ ಮಾರ್ಚ್ 8ರ ಪಂದ್ಯ ಹತ್ತಿರವಾದಂತೆ ಅಲಿಯೇ ಫ್ರೇಜಿಯರ್ ಅವರನ್ನು ಊರೆಲ್ಲ ಕೇಳುವಂತೆ ಅಂಕಲ್ ಟಾಮ್ ಎಂದು ಹಂಗಿಸಿದರು. ಪಂದ್ಯದಲ್ಲಿ ಗೆದ್ದದ್ದು ಫ್ರೇಜಿಯರ್. ಆದರೂ ಆ ಮಾತಿನ ಗಾಯ ದಶಕಗಳ ಕಾಲ ಮಾಯಲಿಲ್ಲ. ಆವೇಶದಲ್ಲಿ ಆಡಬಾರದ ಮಾತು ಆಡಿದೆ ಎಂದು ಅಲಿ 2001ರಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿದರು. ಈ ಬೈಗುಳದ ಕ್ರೌರ್ಯ ಎಲ್ಲಿದೆ ಎಂಬುದು ಇದರಲ್ಲಿ ಕಾಣುತ್ತದೆ: ಒಬ್ಬನ ಅಭಿಪ್ರಾಯವನ್ನೋ ಕೆಲಸವನ್ನೋ ತಪ್ಪೆನ್ನುವುದರ ಬದಲು, ನೀನು ನಮ್ಮವನೇ ಅಲ್ಲ ಎಂದು ಅದು ಅವನನ್ನು ಹೊರಗೆ ಹಾಕುತ್ತದೆ.

ಈ ಹೆಸರಿನ ಹೊರೆ ಬಿದ್ದ ಇನ್ನೊಬ್ಬರನ್ನು ಹೇಳದೆ ಇರಲಾರೆ. ಮೇರಿಲ್ಯಾಂಡಿನಲ್ಲಿ 1789ರಲ್ಲಿ ಗುಲಾಮರಾಗಿ ಹುಟ್ಟಿದ ಜೊಸೈಯಾ ಹೆನ್ಸನ್ ಅವರ ಬದುಕನ್ನು ಸ್ಟೋವ್, ಕಾದಂಬರಿಯ ಆಧಾರಗಳನ್ನು ವಿವರಿಸಿದ ತಮ್ಮ 1853ರ ಪುಸ್ತಕದಲ್ಲಿ ಟಾಮ್‌ಗೆ ಸಮಾನವಾದ ನಿಜಜೀವನದ ಉದಾಹರಣೆಯಾಗಿ ತೋರಿಸಿದರು. ಹೆನ್ಸನ್ 1825ರಲ್ಲಿ ಒಡೆಯನ ಮಾತಿಗೆ ಕಟ್ಟುಬಿದ್ದು ತಮ್ಮ ಜೊತೆಗಾರ ಗುಲಾಮರನ್ನು ಕೆಂಟಕಿಗೆ ಕರೆದೊಯ್ದರು. ದಾರಿಯಲ್ಲಿ ಒಹಾಯೊ ರಾಜ್ಯದಲ್ಲಿ ಇಳಿದುಬಿಟ್ಟಿದ್ದರೆ ಎಲ್ಲರೂ ಸ್ವತಂತ್ರರಾಗುತ್ತಿದ್ದರು. ಇಳಿಯಗೊಡಲಿಲ್ಲವಲ್ಲ ಎಂಬ ಪಶ್ಚಾತ್ತಾಪವನ್ನು ಅವರು ತಮ್ಮ ಆತ್ಮಕಥೆಯಲ್ಲಿ ಬಿಚ್ಚಿಟ್ಟಿದ್ದಾರೆ. ಹಣ ಕೊಟ್ಟು ಬಿಡುಗಡೆ ಪಡೆಯಲು ಹೋಗಿ ಮೋಸಹೋದರು, ನ್ಯೂ ಆರ್ಲಿಯನ್ಸ್‌ಗೆ ಮಾರಾಟವಾಗುವುದರಿಂದ ಕೂದಲೆಳೆಯಲ್ಲಿ ಪಾರಾದರು. 1830ರಲ್ಲಿ ಹೆಂಡತಿ ಮತ್ತು ನಾಲ್ಕು ಮಕ್ಕಳೊಂದಿಗೆ, ಕಿರಿಯ ಇಬ್ಬರನ್ನು ಬೆನ್ನಿನ ಚೀಲದಲ್ಲಿ ಹೊತ್ತು ಕೆನಡಾಕ್ಕೆ ನಡೆದರು. ಅಲ್ಲಿ ಓಡಿಬಂದವರಿಗಾಗಿ ಊರು ಮತ್ತು ಶಾಲೆ ಕಟ್ಟುವ ಕೆಲಸದಲ್ಲಿ ಮುಂದಾಳಾದರು. ಇಂಥವರ ಮನೆಯಿದ್ದ ಒಂಟಾರಿಯೊದ ಸ್ಮಾರಕಕ್ಕೆ ಬಹುಕಾಲ ಇದ್ದ ಹೆಸರು ‘ಅಂಕಲ್ ಟಾಮ್ಸ್ ಕ್ಯಾಬಿನ್’. 2022ರಲ್ಲಿ ಅದನ್ನು ಬದಲಿಸಿ ಹೆನ್ಸನ್ ಅವರ ಹೆಸರನ್ನೇ ಮ್ಯೂಸಿಯಂಗೆ ಇಟ್ಟರು. ತಡವಾಗಿಯಾದರೂ ನ್ಯಾಯವಾಯಿತು ಎಂದು ನನಗೆ ಸಮಾಧಾನ.

ಇನ್ನು ನಿಮ್ಮ ನೇರ ಪ್ರಶ್ನೆಗೆ. ನೀವು ತಪ್ಪಾಗಿ ಓದಿಲ್ಲ. ನಿಮ್ಮ ಕೈಗೆ ಸಿಕ್ಕ ಸಂಕ್ಷೇಪ ಅರ್ಧ ಕಥೆಯನ್ನು ಹೇಳಿರಬಹುದು. ಬೈಗುಳ ಬಳಸುವ ಕಪ್ಪು ಅಮೆರಿಕನ್ನರನ್ನೂ ಬರೀ ಅಜ್ಞಾನಿಗಳೆಂದು ತಿಳಿಯಬೇಡಿ; ಅವರು ಬೈಯುವುದು ರಂಗದ ಮೇಲೆ ಬಿಳಿಯರು ಕಟ್ಟಿ ನಿಲ್ಲಿಸಿದ ಆ ಮುದಿ ಆಳನ್ನು, ಅವನಿಂದ ಅವರ ಪೂರ್ವಿಕರಿಗೆ ಆದ ಅವಮಾನ ನಿಜವಾದದ್ದು. ನಮ್ಮಲ್ಲಿ ವಿಭೀಷಣನ ಹೆಸರು ಒಂದು ಕಡೆ ಪರಮಭಕ್ತನದಾಗಿಯೂ ಇನ್ನೊಂದು ಕಡೆ ಮನೆಮುರುಕನದಾಗಿಯೂ ಬಳಕೆಯಲ್ಲಿದೆ. ಅಲ್ಲಾದರೂ ವಿಭೀಷಣ ಅಣ್ಣನನ್ನು ಬಿಟ್ಟು ಎದುರಾಳಿಯ ಪಾಳೆಯಕ್ಕೆ ಹೋದದ್ದು ನಿಜ, ವಾದವಿರುವುದು ಅದು ಧರ್ಮವೋ ಅಲ್ಲವೋ ಎಂಬುದರ ಮೇಲೆ. ಟಾಮ್ ಯಾರನ್ನೂ ಬಿಟ್ಟು ಹೋಗಲಿಲ್ಲ. ಅವನ ಮೇಲಿನ ಆರೋಪಕ್ಕೆ ಮೂಲ ಕಥೆಯಲ್ಲಿ ಅಷ್ಟು ಆಧಾರವೂ ಇಲ್ಲ.

ಅಮೆರಿಕದಲ್ಲಿರುವ ಕನ್ನಡಿಗರು ಈ ಮಾತನ್ನು ಯಾರ ಬಗ್ಗೆಯೂ, ತಮಾಷೆಗೂ ಆಡಬಾರದು ಎಂದೇ ನನ್ನ ಸಲಹೆ. ಕಪ್ಪು ಮನುಷ್ಯನೊಬ್ಬ ತನ್ನ ಸಮುದಾಯದ ಒಳಗೆ ಆಡಿದಾಗ ಅದು ನಿಷ್ಠೆಯ ಬಗೆಗಿನ ಜಗಳ. ಹೊರಗಿನವರು ಆಡಿದಾಗ, ಕಪ್ಪು ಚರ್ಮದವನು ಹೀಗೆಯೇ ಯೋಚಿಸಬೇಕು ಎಂದು ನಾವು ಅಪ್ಪಣೆ ಕೊಟ್ಟಂತೆ. ಕಾದಂಬರಿಯ ಟಾಮ್ ಹಾಗಿಲ್ಲ ಎಂದು ಯಾರನ್ನೋ ತಡೆದು ಪಾಠ ಹೇಳುವುದೂ ಬೇಡ. ಕಾದಂಬರಿಯ ಬಗ್ಗೆಯೇ ಮಾತು ಬಂದಾಗ ಮಾತ್ರ, ನೀವು ಓದಿದ್ದನ್ನು ನಿಸ್ಸಂಕೋಚವಾಗಿ ಹೇಳಿ.

ಮಗಳೊಂದಿಗೆ ಕೂಡಿ ಓದುವ ಮನಸ್ಸಿದ್ದರೆ ಸಂಕ್ಷಿಪ್ತ ಆವೃತ್ತಿಯನ್ನು ಬಿಟ್ಟು ಪೂರ್ಣ ಪಾಠವನ್ನೇ ತೆಗೆದುಕೊಳ್ಳಿ. ಹಕ್ಕುಸ್ವಾಮ್ಯದ ಅವಧಿ ಎಂದೋ ಮುಗಿದಿರುವುದರಿಂದ ಅದು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಇಡೀ ಪುಸ್ತಕಕ್ಕೆ ಸಮಯವಿಲ್ಲದಿದ್ದರೆ 5ನೆಯ ಅಧ್ಯಾಯದಲ್ಲಿ ಎಲೈಜಾ ಬಾಗಿಲು ತಟ್ಟುವ ರಾತ್ರಿ, 28ರಲ್ಲಿ ಬಿಡುಗಡೆಯ ಮಾತುಕತೆ, 33ರಲ್ಲಿ ಹತ್ತಿ ತೂಗುವ ಸಂಜೆ, 38ರಲ್ಲಿ ಕ್ಯಾಸಿ ಕೊಡಲಿಯ ಮಾತು ಎತ್ತುವುದು, 40ರಲ್ಲಿ ಕೊನೆಯ ನಿರಾಕರಣೆ, ಇಷ್ಟನ್ನು ಓದಿ. 1849ರಲ್ಲಿ ಬಂದ ಹೆನ್ಸನ್ ಅವರ ಆತ್ಮಕಥೆ ಚಿಕ್ಕದು. ಅದನ್ನು ಮೊದಲೇ ಓದಿಕೊಂಡರೆ, ಗುಲಾಮಗಿರಿಯನ್ನು ಉಂಡು ಬಂದವರು ತಮ್ಮ ಕಥೆಯನ್ನು ತಾವೇ ಹೇಳಿದಾಗ ಏನೇನು ಹೇಳುತ್ತಾರೆ, ಸ್ಟೋವ್ ಅದರಲ್ಲಿ ಯಾವುದನ್ನು ಎತ್ತಿಕೊಳ್ಳಲಿಲ್ಲ ಎಂಬುದು ನಿಮ್ಮಿಬ್ಬರಿಗೂ ತಾನಾಗಿಯೇ ತಿಳಿಯುತ್ತದೆ.